ಬೆಲೆ ಕಟ್ಟುವ ಮುಂಚೆ

— ಮಾವ, ಇದನ್ನ ಸ್ವಲ್ಪ ನೋಡ್ತೀರಾ? ನಮ್ಮ ಪಕ್ಕದ ಮನೆ ಅಜ್ಜಿ ಕೊಟ್ಟಿದ್ದಾರೆ. ತೀರಿಹೋದ ಅವರ ಯಜಮಾನರದ್ದು. ಅಮೆರಿಕದ ಸಿವಿಲ್ ವಾರ್ ಕಾಲದ ರಿವಾಲ್ವರ್ ಅಂತೆ. ಮಾರಬೇಕು ಅಂತಿದ್ದಾರೆ. ಯಾರೋ ವ್ಯಾಪಾರಿ ಬಂದು, ಚೆನ್ನಾಗಿ ಪಾಲಿಶ್ ಮಾಡಿಸಿ ಕಪ್ಪು ಬಣ್ಣ ಹಾಕಿಸಿದರೆ ಎರಡರಷ್ಟು ಬರುತ್ತೆ ಅಂದನಂತೆ.

— ಮಾಡಿಸಿಬಿಟ್ಟರಾ?

— ಇಲ್ಲ. ನಮ್ಮ ಮಾವನಿಗೆ ತೋರಿಸೋವರೆಗೂ ತಡೀರಿ ಅಂತ ಹೇಳಿ ತಂದಿದ್ದೀನಿ.

— ಸದ್ಯ, ಒಳ್ಳೇ ಕೆಲಸ ಮಾಡಿದೆ. ಆ ಟವೆಲ್ ಹಾಸಿ ಅದರ ಮೇಲೆ ಇಡು. ನಳಿಗೆ ಗೋಡೆ ಕಡೆಗಿರಲಿ. ಬೆಲೆ ಆಮೇಲೆ. ಒಳಗೆ ಮದ್ದು ಇದೆಯಾ ಅಂತ ಮೊದಲು ನೋಡೋಣ.

— ನೂರಾರವತ್ತು ವರ್ಷದ ಹಿಂದಿನ ಮದ್ದು ಇನ್ನೂ ಸಿಡಿಯುತ್ತಾ?

— ಸಿಡಿಯುತ್ತೆ. ಕರಿಮದ್ದಿಗೆ ತೇವ ತಗಲದೆ ಇದ್ದರೆ ಅದರ ಜೀವ ಹೋಗೋದಿಲ್ಲ. ನಮ್ಮ ಮಲೆನಾಡಿನ ಕೇಪಿನ ಕೋವಿ ನೋಡಿದ್ದೀಯಲ್ಲ, ಇದೂ ಅದೇ ಜಾತಿ. ತೋಟಾ ಇಲ್ಲ. ಸಿಲಿಂಡರಿನ ಆರು ಕೋಣೆಗೂ ಮುಂದಿನಿಂದಲೇ ಮದ್ದು ಸುರಿದು, ಸೀಸದ ಗುಂಡು ಇಟ್ಟು, ನಳಿಗೆ ಕೆಳಗಿರೋ ಈ ಸನ್ನೆಯಿಂದ ಗಟ್ಟಿಯಾಗಿ ಒತ್ತಬೇಕು. ಹಿಂದೆ ಒಂದೊಂದು ನಿಪ್ಪಲ್‌ಗೂ ತಾಮ್ರದ ಕೇಪು. ಒಮ್ಮೆ ತುಂಬಿದ್ದನ್ನ ಹಾರಿಸಿ ಖಾಲಿ ಮಾಡಬೇಕೇ ಹೊರತು ಸುಲಭವಾಗಿ ಹೊರಗೆ ತೆಗೆಯೋಕಾಗಲ್ಲ. ಯುದ್ಧ ಮುಗಿದ ಮೇಲೆ ತುಂಬಿದ್ದು ತುಂಬಿದ ಹಾಗೇ ಪೆಟ್ಟಿಗೆ ಸೇರಿದ ರಿವಾಲ್ವರ್‌ಗಳು ಇವತ್ತಿಗೂ ಅಟ್ಟದ ಮೇಲಿಂದ ಇಳಿದು ಬರ್ತಾನೇ ಇವೆ. ಕೇಪು ಇದೆಯಾ ನೋಡು.

— ಇಲ್ಲ. ಆರೂ ಬೋಳು.

— ಸರಿ. ಹ್ಯಾಮರನ್ನ ಅರ್ಧ ಎಳೆದರೆ ಸಿಲಿಂಡರ್ ಸಡಿಲವಾಗಿ ತಿರುಗುತ್ತೆ. ಬಲಗಡೆ, ಗುಂಡು ಹಾಕೋದಕ್ಕೆ ಬಿಟ್ಟಿರೋ ಈ ಕಚ್ಚಿನಲ್ಲಿ ಒಂದೊಂದೇ ಕೋಣೆ ಮುಂದೆ ಬರುತ್ತೆ. ಟಾರ್ಚ್ ಹಿಡಿ. ತಳದಲ್ಲಿ ನಿಪ್ಪಲಿನ ಸಣ್ಣ ತೂತು ಕಾಣುತ್ತಾ?

— ಕಾಣುತ್ತೆ. ಆರರಲ್ಲೂ.

— ಹಾಗಾದರೆ ಖಾಲಿ. ಇನ್ನು ಧೈರ್ಯವಾಗಿ ಕೈಯಲ್ಲಿ ಹಿಡಿ. ಆದರೆ ಟ್ರಿಗರ್ ಎಳೆದು ಟಕ್ ಅನ್ನಿಸಬೇಡ, ಹ್ಯಾಮರ್ ಬಿದ್ದರೆ ನಿಪ್ಪಲ್ ಜಜ್ಜಿಹೋಗುತ್ತೆ.

— ಭಾರ ಇದೆ ಮಾವ.

— ಹೆಚ್ಚುಕಡಿಮೆ ಒಂದೂಕಾಲು ಕಿಲೋ. ಇದು ಕೋಲ್ಟ್ ಕಂಪನಿಯ 1860ರ ಆರ್ಮಿ ಮಾದರಿ. ನಾವು ಕೂತಿರೋ ಈ ಹಾರ್ಟ್‌ಫರ್ಡ್ ಊರಲ್ಲೇ ಮಾಡಿದ್ದು. ಹೈವೇಯಲ್ಲಿ ಹೋಗುವಾಗ ನಕ್ಷತ್ರ ಬಿಡಿಸಿದ ನೀಲಿ ಗುಮ್ಮಟ ಕಾಣುತ್ತಲ್ಲ, ಅದೇ ಕಾರ್ಖಾನೆ. ಸಿಲಿಂಡರ್ ನೋಡು, ಹಿಂದಿನ ಅರ್ಧ ಸಣ್ಣ, ಮುಂದಿನ ಅರ್ಧ ದಪ್ಪ, ನಡುವೆ ಮೆಟ್ಟಿಲು. ಮುಂಚೆ .36 ಅಳತೆಯ ನೇವಿ ಮಾದರಿ ಇತ್ತು. ಹೆಚ್ಚುಕಡಿಮೆ ಅದೇ ಅಳತೆಯ ಫ್ರೇಮಿನಲ್ಲಿ .44 ಗುಂಡು ಹಿಡಿಸೋದಕ್ಕೆ ಮುಂಭಾಗ ಮಾತ್ರ ದಪ್ಪ ಮಾಡಿ, ಅದಕ್ಕೆ ಜಾಗ ಆಗೋ ಹಾಗೆ ಫ್ರೇಮನ್ನ ಕೊರೆದರು. ಎಂಟು ಇಂಚಿನ ದುಂಡು ನಳಿಗೆ. 1860ರಿಂದ 1873ರವರೆಗೆ ಸುಮಾರು ಎರಡು ಲಕ್ಷ ಮಾಡಿದರು. ಅದರಲ್ಲಿ ಒಂದೂಕಾಲು ಲಕ್ಷಕ್ಕೂ ಹೆಚ್ಚನ್ನ ಅಮೆರಿಕ ಸರ್ಕಾರವೇ ಕೊಂಡಿತು.

— ಎರಡು ಲಕ್ಷ ಇದ್ದರೆ ಅಪರೂಪದ್ದು ಹೇಗಾಗುತ್ತೆ?

— ಮಾದರಿ ಅಪರೂಪ ಅಲ್ಲಮ್ಮ. ಕೈ ಹಾಕದೆ ಉಳಿದದ್ದು ಅಪರೂಪ. ಎರಡು ಲಕ್ಷದಲ್ಲಿ ಎಷ್ಟೋ ತುಕ್ಕು ಹಿಡಿದು ಹೋದವು. ಎಷ್ಟೋ 1870ರ ನಂತರ ತೋಟಾ ಹಾಕೋ ಹಾಗೆ ಮಾರ್ಪಾಡಾದವು. ಉಳಿದದ್ದರಲ್ಲಿ ಎಷ್ಟೋ ಚಂದ ಕಾಣಲಿ ಅಂತ ಉಜ್ಜಿಸಿಕೊಂಡು ಮುಖ ಕಳೆದುಕೊಂಡವು. ಅದಕ್ಕೇ ಪಾಲಿಶ್ ಅಂದ ತಕ್ಷಣ ನನಗೆ ಎದೆ ಧಸಕ್ ಅಂದಿದ್ದು.

— ಮೊದಲು ಇದು ಅಸಲೇ ಅನ್ನೋದು ಹೇಗೆ ಗೊತ್ತಾಗುತ್ತೆ? ಈಗಲೂ ಇಂಥದ್ದು ಮಾಡ್ತಾರೆ ಅಂತ ಕೇಳಿದ್ದೀನಿ.

— ಮಾಡ್ತಾರೆ. ಇಟಲಿಯ ಬ್ರೆಷಿಯಾ ಹತ್ತಿರ ಗಾರ್ಡೋನೆ ಅಂತ ಕಣಿವೆಯ ಊರಿದೆ. 1950ರ ದಶಕದ ಕೊನೆಯಿಂದ ಅಲ್ಲಿ ಹಳೇ ಅಮೆರಿಕನ್ ರಿವಾಲ್ವರುಗಳ ನಕಲು ತಯಾರಾಗ್ತಿವೆ. ಅದರಲ್ಲಿ ತಪ್ಪೇನಿಲ್ಲ, ಅವರು ನಕಲು ಅಂತ ಹೇಳಿಯೇ ಮಾರೋದು, ಕೆಲಸಾನೂ ಚೆನ್ನಾಗಿರುತ್ತೆ. ಅಲ್ಲಿಯ ಸರ್ಕಾರಿ ಪರೀಕ್ಷೆಯ ಮುದ್ರೆ, ತಯಾರಾದ ವರ್ಷದ ಸಂಕೇತ ಎರಡೂ ಲೋಹದ ಮೇಲೆ ಇರುತ್ತವೆ. ಆಮೇಲೆ ಯಾರೋ ಆ ಮುದ್ರೆಯನ್ನ ಅರದಿಂದ ಉಜ್ಜಿ ತೆಗೆದು, ಆಸಿಡ್ ಹಚ್ಚಿ, ಮಣ್ಣಲ್ಲಿ ಹೂತು, ಹಳೇದು ಅಂತ ಮಾರ್ತಾರಲ್ಲ, ಅದು ಮೋಸ. ಅರ ಆಡಿದ ಕಡೆ ಸಣ್ಣ ತಗ್ಗು ಬಿದ್ದಿರುತ್ತೆ. ಬೆಳಕನ್ನ ಓರೆಯಾಗಿ ಬಿಟ್ಟರೆ ಅಲ್ಲಿ ಹೊಳಪಿನ ಗೆರೆ ಮುರಿಯುತ್ತೆ. ಫ್ರೇಮನ್ನ ಸುತ್ತ ತಿರುಗಿಸಿ ನೋಡು.

— ಎಲ್ಲೂ ಮುರಿಯಲಿಲ್ಲ.

— ಇನ್ನು ಬುಡ ಮೇಲೆ ಮಾಡು. ನಳಿಗೆಯ ಬುಡ, ಫ್ರೇಮು, ಹಿತ್ತಾಳೆಯ ಟ್ರಿಗರ್ ಗಾರ್ಡು, ಹಿಡಿಯ ಕಬ್ಬಿಣದ ಪಟ್ಟಿ. ನಾಲ್ಕು ಕಡೆ ನಂಬರ್ ಹೊಡೆದಿರುತ್ತಾರೆ. ಭೂತಗನ್ನಡಿ ತಗೊಂಡು ಓದು.

— ನಾಲ್ಕೂ ಒಂದೇ. ಒಂದು ಲಕ್ಷದ ಹನ್ನೆರಡು ಸಾವಿರ ಚಿಲ್ಲರೆ.

— ಆ ಲೆಕ್ಕದಲ್ಲಿ ಇದು 1863ರದ್ದು. ಆ ವರ್ಷದ ನಂಬರುಗಳು ಸುಮಾರು ಎಂಬತ್ತೈದು ಸಾವಿರದಿಂದ ಒಂದೂವರೆ ಲಕ್ಷದವರೆಗೆ ಹೋಗ್ತವೆ. ಸ್ಯಾಮ್ಯುಯೆಲ್ ಕೋಲ್ಟ್ 1862ರ ಜನವರಿಯಲ್ಲೇ ತೀರಿಹೋಗಿದ್ದರು. 1861ರಲ್ಲಿ ಒಂದಕ್ಕೆ 25 ಡಾಲರ್ ಕೊಡ್ತಿದ್ದ ಸರ್ಕಾರ ಮಾರನೇ ವರ್ಷ 14 ಡಾಲರ್ 50 ಸೆಂಟಿಗೆ ಇಳಿಸಿತ್ತು. 1864ರ ಫೆಬ್ರವರಿಯಲ್ಲಿ ಕಾರ್ಖಾನೆಗೆ ಬೆಂಕಿ ಬಿತ್ತು. ಆಮೇಲೆ ಸರ್ಕಾರ ಕೋಲ್ಟ್ ಬಿಟ್ಟು ರೆಮಿಂಗ್ಟನ್ ಕಡೆ ತಿರುಗಿತು. ಇದು ಬೆಂಕಿಗೆ ಮುಂಚಿನದು. ಈಗ ಸಿಲಿಂಡರ್ ಮೇಲಿನ ನಂಬರ್ ಓದು.

— ಇದು... ಬೇರೆ ಇದೆ ಮಾವ. ತೊಂಬತ್ತೆಂಟು ಸಾವಿರದ್ದು.

— ಸರಿಯಾಗಿ ನೋಡಿದೆಯಾ?

— ಸರಿಯಾಗೇ ನೋಡಿದೆ. ಇಲ್ಲಿ ನಳಿಗೆಗೆ ಅಡ್ಡಲಾಗಿ ಹೊಡೆದಿರೋ ಬೆಣೆ ಮೇಲೆ ನಂಬರೇ ಇಲ್ಲ.

— ಬೆಣೆ ಹೊಸದು, ಬಿಡು. ಅಂಚು ನೋಡಿದರೇ ಗೊತ್ತಾಗುತ್ತೆ. ಬೆಣೆ ಕಳೆಯೋದು ಮಾಮೂಲು. ಕೋಲ್ಟ್ ರಿವಾಲ್ವರ್ ಬಿಚ್ಚಬೇಕಾದರೆ ಬೆಣೆ ತಳ್ಳಿದರೆ ನಳಿಗೆ ಬಿಟ್ಟುಕೊಳ್ಳುತ್ತೆ, ಹಿಂದೇನೇ ಸಿಲಿಂಡರ್ ಕೈಗೆ ಬರುತ್ತೆ. ಆದರೆ ಸಿಲಿಂಡರ್ ಬೇರೆ ಆದರೆ ಬೆಲೆಗೆ ದೊಡ್ಡ ಪೆಟ್ಟು.

— ಅಂದರೆ ಇದು ಕಲಬೆರಕೆ?

— ಆ ಮಾತು ಈಗಲೇ ಬೇಡ. ಸಿಲಿಂಡರ್ ಯಾವಾಗ ಬದಲಾಯಿತು ಅನ್ನೋದು ಮುಖ್ಯ. ಕರಿಮದ್ದು ಸುಟ್ಟ ಮೇಲೆ ಕೊಳೆ ವಿಪರೀತ. ಅವತ್ತವತ್ತೇ ಬಿಸಿನೀರಲ್ಲಿ ತೊಳೀಬೇಕು. ಬಿಡಾರದಲ್ಲಿ ನಾಲ್ಕಾರು ಜನ ಸವಾರರು ಒಂದೇ ಬಾನಿಯಲ್ಲಿ ತೊಳೆಯೋದಕ್ಕೆ ಹಾಕಿದರೆ ನಿನ್ನದು ನನಗೆ, ನನ್ನದು ನಿನಗೆ ಬಂದೀತು. ಕಳೆದ ವರ್ಷ ಯಾವುದೋ ಹರಾಜಿಗೆ ಮುಂಚೆ ಬದಲಾಯಿಸಿದ್ದೂ ಇರಬಹುದು. ಎರಡಕ್ಕೂ ವ್ಯತ್ಯಾಸ ಲೋಹದಲ್ಲೇ ಇರುತ್ತೆ. ಸಿಲಿಂಡರಿನ ಹಿಂಭಾಗ, ನಿಪ್ಪಲ್ ಸುತ್ತ ನೋಡು. ಹೇಗಿದೆ?

— ಸಣ್ಣ ಸಣ್ಣ ಗುಳಿ ಬಿದ್ದಿವೆ. ಸಿಡುಬಿನ ಕಲೆ ಥರ.

— ಕೇಪು ಸಿಡಿದಾಗ ಬರೋ ಉರಿ, ಹೊಗೆ ಕಬ್ಬಿಣವನ್ನ ತಿಂದುಹಾಕುತ್ತೆ. ಈಗ ಅದರ ಎದುರಿಗಿರೋ ಫ್ರೇಮಿನ ಗೋಡೆ?

— ಅಲ್ಲೂ ಹಾಗೇ. ಅಲ್ಲೂ ಗುಳಿ, ಅಷ್ಟೇ ಆಳ.

— ಇದನ್ನೇ ನಾನು ಹುಡುಕ್ತಿದ್ದದ್ದು. ಸಿಲಿಂಡರ್ ತಿಂದುಹೋಗಿ ಫ್ರೇಮ್ ನುಣ್ಣಗಿದ್ದರೆ, ಎರಡೂ ಬೇರೆ ಬೇರೆ ಕಡೆ ಬಾಳಿದವು, ಇತ್ತೀಚೆಗೆ ಯಾರೋ ಜೊತೆ ಹಾಕಿದ್ದಾರೆ ಅಂತ. ಇಲ್ಲಿ ಸವಕಳಿ ಎರಡು ಕಡೆಯೂ ಒಂದೇ ಮಾತು ಹೇಳ್ತಿದೆ. ಎರಡು ಕೋಣೆಗಳ ನಡುವೆ ಸಣ್ಣ ಗೂಟ ಇರುತ್ತೆ, ಹ್ಯಾಮರ್ ಅದರ ಮೇಲೆ ಕೂತರೆ ರಿವಾಲ್ವರ್ ಸುರಕ್ಷಿತ. ಆ ಗೂಟಗಳೂ ಜಜ್ಜಿ ಮಟ್ಟಸವಾಗಿವೆ. ಹ್ಯಾಮರಿನ ಮೂತಿಯಲ್ಲಿ ಅದಕ್ಕೆ ಸರಿಯಾದ ಸವೆತ ಇದೆ. ಈ ಎರಡು ಬಹಳ ಕಾಲ ಒಟ್ಟಿಗೆ ಕೆಲಸ ಮಾಡಿವೆ. ಸೈನ್ಯದಲ್ಲೇ ಬದಲಾಗಿರಬಹುದು ಅಂತ ನನ್ನ ಅಂದಾಜು. ಆದರೆ ಅದು ಅಂದಾಜು. ಮಾರುವಾಗ ಅಂದಾಜನ್ನ ಅಂದಾಜು ಅಂತಲೇ ಹೇಳಬೇಕು.

— ಒಂದು ಮಾತು ಕೇಳ್ತೀನಿ, ಬೈಬೇಡಿ. ಸಿಲಿಂಡರ್ ಮೇಲಿನ ನಂಬರ್ ಉಜ್ಜಿ ತೆಗೆದು, ಉಳಿದದ್ದಕ್ಕೆ ಹೊಂದೋ ನಂಬರ್ ಹೊಡೆದುಬಿಟ್ಟರೆ ಯಾರಿಗೆ ಗೊತ್ತಾಗುತ್ತೆ?

— ಗೊತ್ತಾಗದೇ ಇದ್ದರೂ ಮಾಡಬಾರದು. ಆದರೆ ಗೊತ್ತಾಗುತ್ತೆ. ಆ ಗಾಜು ತಾ, ತೋರಿಸ್ತೀನಿ. ಟ್ರಿಗರ್ ಗಾರ್ಡ್ ಮೇಲಿನ ಈ ಒಂದು ಅಂಕಿ ನೋಡು. ಅಚ್ಚು ಹೊಡೆದಾಗ ಲೋಹ ಪಕ್ಕಕ್ಕೆ ತಳ್ಳಿಸಿಕೊಂಡು ಅಂಕಿಯ ಅಂಚು ಸ್ವಲ್ಪ ಮೇಲೆದ್ದಿರುತ್ತೆ. ಒಂದೂವರೆ ಶತಮಾನ ಕೈ, ಚರ್ಮದ ಚೀಲ, ಬಟ್ಟೆ ತಗಲಿ ತಗಲಿ ಆ ಅಂಚು ಸುತ್ತಲ ಮೈಗೆ ಸಮ ಆಗಿದೆ. ಹಳ್ಳದ ತಳದಲ್ಲಿ ಕಿಲುಬು ಕಪ್ಪಗೆ ಕೂತಿದೆ. ಹೊಸದಾಗಿ ಹೊಡೆದದ್ದರ ತಳ ಬೆಳ್ಳಗಿರುತ್ತೆ, ಅಥವಾ ಬಣ್ಣ ಹಚ್ಚಿದ ಹಾಗೆ ಒಂದೇ ಸಮ ಕಪ್ಪಗಿರುತ್ತೆ. ಅಂಚು ಉಗುರಿಗೆ ತಡೆಯುತ್ತೆ. ಸುತ್ತ ಲೋಹ ಉಜ್ಜಿದ್ದರಿಂದ ಆ ಜಾಗ ತಗ್ಗಾಗಿರುತ್ತೆ. ಅಂಕಿಗಳ ಆಕಾರಾನೂ ಹೊಂದಲ್ಲ. ಕಾರ್ಖಾನೆಯ ಅಚ್ಚಿನ ಮೂರಕ್ಕೆ, ಎಂಟಕ್ಕೆ ತನ್ನದೇ ಒಂದು ನಡು ಇರುತ್ತೆ. ನಾಲ್ಕು ನಂಬರನ್ನ ಪಕ್ಕಪಕ್ಕ ಹಿಡಿದು ನೋಡುವ ಕಣ್ಣಿಗೆ ಸುಳ್ಳು ನಂಬರ್ ಎದ್ದು ಕಾಣುತ್ತೆ.

— ಸಿಲಿಂಡರ್ ಮೇಲೆ ಏನೋ ಚಿತ್ರದ ಹಾಗಿದೆ. ಬಹಳ ಮಾಸಿಹೋಗಿದೆ.

— ಅದು ಹಡಗುಗಳ ಯುದ್ಧ. 1843ರ ಮೇ 16ರಂದು ಟೆಕ್ಸಸ್ ನೌಕಾಪಡೆಗೂ ಮೆಕ್ಸಿಕೋದ ಹಡಗುಗಳಿಗೂ ಕಾಂಪೆಚೆ ಹತ್ತಿರ ನಡೆದ ಕದನ. ಆಗ ಟೆಕ್ಸಸ್ ಸ್ವತಂತ್ರ ದೇಶ, ಕೋಲ್ಟ್‌ನ ಮೊದಲ ರಿವಾಲ್ವರುಗಳನ್ನ ಕೊಂಡಿದ್ದ ಗಿರಾಕಿ. ಬ್ಯಾಂಕ್ ನೋಟುಗಳ ಅಚ್ಚು ಕೊರೀತಿದ್ದ ಓರ್ಮ್ಸ್‌ಬಿ ಅನ್ನೋ ಕಲಾವಿದ ಈ ಚಿತ್ರ ಕೊರೆದು ಕೊಟ್ಟ. ಅದನ್ನ ಉಕ್ಕಿನ ಅಚ್ಚಿಗೆ ಹಾಕಿ ಪ್ರತಿ ಸಿಲಿಂಡರ್ ಮೇಲೂ ಉರುಳಿಸಿ ಒತ್ತುತ್ತಿದ್ದರು. ಗೆರೆಗಳು ಕೂದಲೆಳೆಯಷ್ಟೇ ಆಳ. ಅದಕ್ಕೇ ಮೊದಲು ಅಳಿಸಿಹೋಗೋದು ಇದೇ. ಸಂಗ್ರಾಹಕರು ರಿವಾಲ್ವರ್ ಕೈಗೆತ್ತಿಕೊಂಡರೆ ಮೊದಲು ಕಣ್ಣು ಹೋಗೋದೂ ಇಲ್ಲಿಗೇ. ಎಷ್ಟು ಪಾಲು ಉಳಿದಿದೆ ಅಂತ ನೋಡ್ತಾರೆ. ಕಿಟಕಿ ಕಡೆ ಓರೆ ಮಾಡು.

— ಒಂದು ಹಡಗಿನ ಪಟ ಕಾಣ್ತಿದೆ. ಕೆಳಗೆ ಅಲೆ... ಇಲ್ಲಿ ಇನ್ನೊಂದು ಹಡಗಿನ ಹಿಂಭಾಗ. ಆಮೇಲೆ ಏನೂ ಇಲ್ಲ, ಸಪಾಟು.

— ಸಪಾಟಾಗಿರೋ ಆ ಕಡೆ ಚೀಲದ ಚರ್ಮಕ್ಕೆ ಒತ್ತಿಕೊಂಡಿದ್ದ ಕಡೆ ಇರಬೇಕು. ಕಾಲು ಭಾಗ ಉಳಿದಿದೆ ಅಂತ ಇಟ್ಟುಕೊ. ಆ ವ್ಯಾಪಾರಿ ಬಫಿಂಗ್ ಚಕ್ರಕ್ಕೆ ಕೊಟ್ಟಿದ್ದರೆ ಅರ್ಧ ನಿಮಿಷದಲ್ಲಿ ಆ ಕಾಲು ಭಾಗವೂ ಹೋಗಿರೋದು. ಮತ್ತೆ ಯಾವ ಕಾರ್ಖಾನೆಯೂ ಅದನ್ನ ವಾಪಸ್ ತಂದುಕೊಡಲ್ಲ.

— ಆದರೆ ನಿಜ ಹೇಳಲಾ, ಇದು ಬೂದು ಬಣ್ಣಕ್ಕೆ ತಿರುಗಿ ಕಳೆಗುಂದಿದೆ. ಹೊಳೆಯೋದೇ ಚಂದ ಅಂತ ಯಾರಿಗಾದರೂ ಅನ್ನಿಸುತ್ತೆ.

— ಅನ್ನಿಸುತ್ತೆ, ಒಪ್ತೀನಿ. ನಳಿಗೆ, ಸಿಲಿಂಡರು ಮೂಲದಲ್ಲಿ ಗಾಢ ನೀಲಿ. ಫ್ರೇಮು, ಹ್ಯಾಮರು, ಸನ್ನೆ ಇವಕ್ಕೆ ಮೂಳೆ ಇದ್ದಿಲಲ್ಲಿ ಕಾಸಿ ನೀರಿಗೆ ಅದ್ದಿದ ಬಣ್ಣ, ನೀಲಿ, ಕಂದು, ಬೂದು ಮೋಡ ಮೋಡವಾಗಿ. ಕಾಲ ಕಳೆದ ಹಾಗೆ ನೀಲಿ ನೇರಳೆಗೆ, ನೇರಳೆ ಕಂದಿಗೆ, ಕಂದು ಬೂದಿಗೆ ಹೋಗುತ್ತೆ. ಮುಟ್ಟದ ಸಂದುಗಳಲ್ಲಿ ಮಾತ್ರ ಮೂಲ ಬಣ್ಣ ಉಳಿಯುತ್ತೆ. ಸನ್ನೆಯನ್ನ ಇಳಿಸು, ಅದರ ಮರೆಯಲ್ಲಿ ನಳಿಗೆಯ ಕೆಳಭಾಗ ನೋಡು.

— ಅಯ್ಯೋ, ನೀಲಿ! ನವಿಲಿನ ಕತ್ತಿನ ಥರ ಇದೆ.

— ಅದು ಕಾರ್ಖಾನೆಯಲ್ಲಿ ಹಾಕಿದ ಬಣ್ಣ. ಅದು ಅಲ್ಲಿ ಇದ್ದು, ಹೊರಗೆ ಕೈ ತಗಲೋ ಕಡೆ ಮಾತ್ರ ಹೋಗಿದ್ದರೆ ಈ ರಿವಾಲ್ವರನ್ನ ಯಾರೂ ಮತ್ತೆ ಬಣ್ಣಕ್ಕೆ ಹಾಕಿಲ್ಲ ಅಂತ ಅರ್ಥ. ಮರುಬಣ್ಣ ಹಾಕಿದ್ದರೆ ಗುಳಿಯ ಒಳಗೂ ಕಪ್ಪು ಬಣ್ಣ ಕೂತಿರುತ್ತೆ. ತುಕ್ಕು ತಿಂದಮೇಲೆ ಹಾಕಿದ ಬಣ್ಣ ಅಂತ ಮಗೂಗೂ ಗೊತ್ತಾಗುತ್ತೆ. ಸ್ಕ್ರೂ ತೂತಿನ ಅಂಚು ತಟ್ಟೆಯ ಹಾಗೆ ತಗ್ಗಾಗಿರುತ್ತೆ. ನಳಿಗೆ ಮೇಲಿನ ವಿಳಾಸದ ಅಕ್ಷರ ಮೆತ್ತಗಾಗಿರುತ್ತೆ. ಈ ಅಕ್ಷರ ನೋಡು. ಕರ್ನಲ್ ಸ್ಯಾಮ್ಯುಯೆಲ್ ಕೋಲ್ಟ್, ನ್ಯೂಯಾರ್ಕ್ ಅಂತ. ಮೂಲೆಗಳು ಇನ್ನೂ ಚೂಪಾಗಿವೆ. ಸ್ಕ್ರೂಗಳ ಸೀಳೂ ಕೆಟ್ಟಿಲ್ಲ. ಯಜಮಾನರು ಬಹಳ ಜವಾಬ್ದಾರಿ ಮನುಷ್ಯ ಇದ್ದಿರಬೇಕು.

— ಅಜ್ಜಿ ಹೇಳಿದರು, ಇದು ದಕ್ಷಿಣದ ಕಡೆಯ ಒಬ್ಬ ಅಧಿಕಾರಿಯದಂತೆ. ಕಾನ್ಫೆಡರೇಟ್. ಹಾಗಿದ್ದರೆ ಬೆಲೆ ಹೆಚ್ಚಲ್ವಾ?

— ಸಾಬೀತಾದರೆ ಬಹಳ ಹೆಚ್ಚು. ಅದಕ್ಕೇ ಈ ಕಥೆ ಪ್ರತಿ ಎರಡನೇ ರಿವಾಲ್ವರ್ ಜೊತೆ ಬರುತ್ತೆ. ಕೋಲ್ಟ್ ಕಂಪನಿ ದಕ್ಷಿಣದವರಿಗೂ ಮಾರಿದ್ದು ನಿಜ, ಆದರೆ ಅದು 1861ರ ಏಪ್ರಿಲ್ ತನಕ, ಯುದ್ಧ ಶುರುವಾಗೋವರೆಗೆ. ಇದು 1863ರಲ್ಲಿ ಹುಟ್ಟಿದ್ದು. ಈಗ ಮರದ ಹಿಡಿ ನೋಡು. ವಾಲ್‌ನಟ್ ಮರ. ಎಡಗಡೆ ಕೆಳಗೆ, ಬೆರಳು ಆಡಿಸು.

— ಮೊಟ್ಟೆ ಆಕಾರದ ಮುದ್ರೆ ಇದೆ. ಒಳಗೆ ಅಕ್ಷರ... ಓದೋಕಾಗ್ತಿಲ್ಲ.

— ಸರ್ಕಾರಿ ಇನ್ಸ್‌ಪೆಕ್ಟರನ ಮೊಹರು. ಆ ಕಡೆ ಹಿಡಿಯಲ್ಲೂ ಒಂದಿರುತ್ತೆ. ಅವನ ಕೈಕೆಳಗಿನವರು ನಳಿಗೆ, ಸಿಲಿಂಡರು, ಫ್ರೇಮು ಎಲ್ಲದರ ಮೇಲೂ ಒಂದೊಂದು ಸಣ್ಣ ಅಕ್ಷರ ಒತ್ತಿರುತ್ತಾರೆ. ನೋಡು, ಇಲ್ಲಿ, ಇಲ್ಲಿ. ಅಂದರೆ ಇದು ಉತ್ತರದ ಸೈನ್ಯದ ಉಗ್ರಾಣಕ್ಕೆ ಹೋದದ್ದು. ದಕ್ಷಿಣದ ಅಧಿಕಾರಿಯ ಕೈ ಸೇರಿದ್ದರೆ ಯುದ್ಧದಲ್ಲಿ ಕಿತ್ತುಕೊಂಡದ್ದೇ ಆಗಿರಬೇಕು. ಆಗಿರಬಹುದು, ಇಲ್ಲ ಅನ್ನೋಕಾಗಲ್ಲ. ಆದರೆ ಕಾಗದ ಬೇಕು. ಪತ್ರ, ಆಸ್ತಿ ಪಟ್ಟಿ, ಆ ಕಾಲದ ಫೋಟೋ, ಏನಾದರೂ. ಯಜಮಾನರು ಏನಾದರೂ ಬರೆದಿಟ್ಟಿದ್ದಾರಾ ಅಂತ ಅಜ್ಜಿಯನ್ನ ಕೇಳು. ಇಲ್ಲದಿದ್ದರೆ ಆ ಕಥೆಗೆ ಒಂದು ಡಾಲರೂ ಸೇರಿಸಬಾರದು.

— ಮುದ್ರೆ ಇಷ್ಟು ಮಾಸಿದ್ದರೂ ಲೆಕ್ಕಕ್ಕೆ ಬರುತ್ತಾ?

— ಬಹಳ ಬರುತ್ತೆ. ಸೈನ್ಯದ ರಿವಾಲ್ವರ್ ಅಂತ ಹೇಳೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಹಿಡಿಯನ್ನ ಉಪ್ಪುಕಾಗದ ಹಾಕಿ ಉಜ್ಜಿಲ್ಲ ಅನ್ನೋದಕ್ಕೂ ಅದೇ ಸಾಕ್ಷಿ. ಮರ, ಲೋಹ ಸೇರೋ ಕಡೆ ಬೆರಳು ಎಳೆ. ಮೆಟ್ಟಿಲು ತಡೆಯುತ್ತಾ?

— ಇಲ್ಲ. ಒಂದೇ ಸಮ.

— ಉಜ್ಜಿದ್ದರೆ ಮರ ಲೋಹಕ್ಕಿಂತ ಕೆಳಗೆ ಹೋಗಿರೋದು. ಫ್ರೇಮಿನಲ್ಲಿ ಎಷ್ಟು ಸ್ಕ್ರೂ ಎಣಿಸು. ನಾಲ್ಕಿರಬೇಕು. ನಾಲ್ಕನೆಯದು ಭುಜಕ್ಕೆ ಆನಿಸೋ ಮರದ ದಿಮ್ಮಿಯನ್ನ ಸಿಕ್ಕಿಸೋದಕ್ಕೆ. ಸೈನ್ಯಕ್ಕೆ ಅಂತ ಮಾಡಿದ್ದರಲ್ಲಿ ಇರ್ತಿತ್ತು, ಆಮೇಲಿನ ನಾಗರಿಕ ಮಾರಾಟದ್ದರಲ್ಲಿ ಬಿಟ್ಟರು.

— ನಾಲ್ಕಿವೆ. ಮಾವ, ಹಿಡಿಯ ಅಡಿಯಲ್ಲಿ ಯಾರೋ ಗೀಚಿದ್ದಾರೆ. ಜೆ, ಎಚ್. ಚಾಕುವಿನ ತುದಿಯಲ್ಲಿ ಗೀಚಿದ ಹಾಗಿದೆ.

— ಕೊಡು ನೋಡೋಣ... ಹೌದು. ಗೀರಿನ ಒಳಗೂ ಸುತ್ತಲ ಹಾಗೇ ಕಂದು ಬಣ್ಣ. ಹಳೇದೇ. ಕುದುರೆ ಸವಾರ ಇರಬೇಕು. ಈ ರಿವಾಲ್ವರು ಹೆಚ್ಚು ಹೋದದ್ದು ಅಶ್ವದಳಕ್ಕೇ. ಬಲ ಸೊಂಟಕ್ಕೆ ಮುಚ್ಚಳದ ಚೀಲ, ಹಿಡಿ ಮುಂದಕ್ಕೆ. ನೂರಾರು ಜನರದ್ದು ಒಂದೇ ಥರ ಇದ್ದಾಗ ತನ್ನದು ಯಾವುದು ಅಂತ ಗುರುತಿರಲಿ ಅಂತ ಗೀಚಿಕೊಂಡಿದ್ದಾನೆ. ಆ ಎರಡಕ್ಷರದ ಹೆಸರು ಆ ಸೈನ್ಯದಲ್ಲಿ ಎಷ್ಟು ಸಾವಿರ ಜನಕ್ಕೆ ಇತ್ತೋ. ಇದರಿಂದ ಬೆಲೆ ಏರಲ್ಲ. ಆದರೆ ನನ್ನನ್ನ ಕೇಳಿದರೆ, ಇಡೀ ರಿವಾಲ್ವರಿನಲ್ಲಿ ಕಾರ್ಖಾನೆಯವರಾಗಲಿ ಸರ್ಕಾರದವರಾಗಲಿ ಹಾಕದೆ, ಅದನ್ನ ಹೊತ್ತವನೇ ಹಾಕಿದ ಗುರುತು ಇದೊಂದೇ. ಪಾಲಿಶ್ ಚಕ್ರಕ್ಕೆ ಇದು ಬರೀ ಗೀರು.

— ಹಾಗಾದರೆ ಒಟ್ಟಾರೆ ಇದರ ದರ್ಜೆ ಏನು?

— ಹಳೇ ಬಂದೂಕಿಗೆ ಇಲ್ಲಿ ಒಂದು ಒಪ್ಪಿತ ಕ್ರಮ ಇದೆ. ಎಕ್ಸಲೆಂಟ್ ಅಂದರೆ ಎಲ್ಲ ಭಾಗವೂ ಮೂಲ, ಬಣ್ಣ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು. ಫೈನ್ ಅಂದರೆ ಬಣ್ಣ ಮೂವತ್ತಕ್ಕಿಂತ ಹೆಚ್ಚು. ವೆರಿ ಗುಡ್ ಅಂದರೆ ಬಣ್ಣ ಸೊನ್ನೆಯಿಂದ ಮೂವತ್ತು, ಆದರೆ ಭಾಗಗಳು ಮೂಲದ್ದೇ, ಅಂಚು ಚೂಪು. ಇದರ ಮೈ ನೋಡಿದರೆ ವೆರಿ ಗುಡ್ ಅನ್ನಬಹುದಿತ್ತು. ಸಿಲಿಂಡರ್, ಬೆಣೆ ಎರಡರಿಂದ ಗುಡ್‌ಗೆ ಇಳಿಯುತ್ತೆ. ಬೇರೆ ನಂಬರಿನ ಸಿಲಿಂಡರಿಗೆ ಮಾರುಕಟ್ಟೆ ಕೊಡೋ ಶಿಕ್ಷೆ ಜಾಸ್ತಿಯಾಯಿತು ಅಂತ ನನಗೆ ಯಾವಾಗಲೂ ಅನ್ನಿಸುತ್ತೆ. ಪೆಟ್ಟಿಗೆಯಲ್ಲಿ ಸುಮ್ಮನೆ ಮಲಗಿದ್ದ ರಿವಾಲ್ವರಿಗೆ ನಂಬರು ಹೊಂದೋದು ಸುಲಭ, ಯುದ್ಧಕ್ಕೆ ಹೋಗಿ ಬಂದದ್ದಕ್ಕೆ ಕಷ್ಟ. ಆದರೆ ನನ್ನ ಅನಿಸಿಕೆಗೆ ದುಡ್ಡು ಕೊಡಿ ಅಂತ ಕೊಳ್ಳೋನನ್ನ ಕೇಳೋಕಾಗಲ್ಲ.

— ಡಾಲರಿನಲ್ಲಿ ಒಂದು ಮಾತು ಹೇಳಿ.

— ಹೇಳಲ್ಲ. ಹೇಳಿದರೆ ಅಜ್ಜಿ ಅದನ್ನೇ ಹಿಡಿದುಕೊಂಡು ಕೂರ್ತಾರೆ. ಹಳೇ ಬಂದೂಕಿನ ಹರಾಜು ಮನೆಗಳು ಹಿಂದಿನ ಮಾರಾಟದ ಬೆಲೆ ಪ್ರಕಟಿಸ್ತವೆ. ಅದರಲ್ಲಿ 1860 ಆರ್ಮಿ, ಸರ್ಕಾರಿ ಮೊಹರು ಇರೋದು, ಸಿಲಿಂಡರ್ ನಂಬರ್ ಬೇರೆ ಇರೋದು, ಮರುಬಣ್ಣ ಹಾಕದ್ದು, ಇಷ್ಟೂ ಹೊಂದೋದನ್ನ ಮಾತ್ರ ಆರಿಸಿಕೊ. ಕೇಳಿದ ಬೆಲೆ ಬೇಡ, ಮಾರಿದ ಬೆಲೆ ನೋಡು. ಕೋಲ್ಟ್ ಕಂಪನಿಯ ಹಳೇ ದಾಖಲೆ, ಸಂಗ್ರಹ ಇಲ್ಲೇ ಕನೆಕ್ಟಿಕಟ್ ಸ್ಟೇಟ್ ಲೈಬ್ರರಿಯಲ್ಲೂ ಅದರ ಮ್ಯೂಸಿಯಂನಲ್ಲೂ ಇದೆ. ಒಂದು ದಿನ ಹೋಗಿ, ಒಳ್ಳೇ ಸ್ಥಿತಿಯ 1860 ಆರ್ಮಿ ಹೇಗಿರುತ್ತೆ ಅಂತ ಕಣ್ಣು ತುಂಬ ನೋಡಿಕೊಂಡು ಬಾ.

— ನಮ್ಮಣ್ಣ ಮೈಸೂರಿಂದ ಕೇಳ್ತಿದ್ದ, ತಾನೇ ಕೊಂಡು ಊರಿಗೆ ತರಿಸಿಕೊಳ್ಳಬಹುದಾ ಅಂತ.

— ಬೇಡ ಅಂತ ಹೇಳು. ಅಮೆರಿಕದ ಕೇಂದ್ರ ಕಾನೂನಿನಲ್ಲಿ 1898 ಅಥವಾ ಅದಕ್ಕಿಂತ ಹಿಂದೆ ತಯಾರಾದದ್ದು ಪುರಾತನ ವಸ್ತು. ನಮ್ಮಲ್ಲಿ ಹಾಗಲ್ಲ. ಶಸ್ತ್ರಾಸ್ತ್ರ ಕಾಯ್ದೆಯ ಕಣ್ಣಿಗೆ ಕೆಲಸ ಮಾಡೋ ರಿವಾಲ್ವರ್ ರಿವಾಲ್ವರೇ. ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಇಳಿಯೋ ಸಾಮಾನಲ್ಲ. ಆ ಆಸೆ ಅವನು ಬಿಡೋದು ಒಳ್ಳೇದು.

— ಮಾರಾಟ ಆಗೋವರೆಗೆ ಹೇಗೆ ಇಡಬೇಕು?

— ಅಜ್ಜಿ ಮನೆಯಲ್ಲಿ ಚರ್ಮದ ಚೀಲ ಇದ್ದರೆ ಅದರೊಳಗೆ ಇಡಬಾರದು, ಚರ್ಮ ತೇವ ಹಿಡಿದು ತುಕ್ಕು ತರಿಸುತ್ತೆ. ಮೆತ್ತನೆ ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಲೋಹಕ್ಕೆ ಒರೆಸು, ಮರಕ್ಕೆ ಬೇಡ. ಹಿತ್ತಾಳೆಗೆ ಬ್ರಾಸೋ ಅಂತೂ ಮುಟ್ಟಿಸಲೇಬೇಡ, ನಿನ್ನ ಕೈ ದೇವರ ದೀಪ ತಿಕ್ಕಿ ಅಭ್ಯಾಸ ಆಗಿರೋದು. ಮುಟ್ಟುವಾಗ ಹತ್ತಿಯ ಗ್ಲೌಸ್ ಹಾಕಿಕೊ, ಬೆವರಿನ ಉಪ್ಪು ಕಬ್ಬಿಣಕ್ಕೆ ಕೂಡದು. ಈಗ ಪೆನ್ನು ತಗೊ, ವಿವರಣೆ ಬರೆದುಬಿಡೋಣ. ಆ ವ್ಯಾಪಾರಿ ಬಂದರೂ ಇದೇ ಕಾಗದ ಅವನ ಕೈಗೆ ಕೊಡಲಿ.

— ಹೇಳಿ.

— ಕೋಲ್ಟ್ 1860 ಆರ್ಮಿ, .44, ಆರು ಗುಂಡಿನದು, ತಯಾರಿ 1863. ನಳಿಗೆ, ಫ್ರೇಮು, ಗಾರ್ಡು, ಪಟ್ಟಿ ನಂಬರ್ ಹೊಂದುತ್ತೆ. ಎರಡೂ ಕಡೆ ಇನ್ಸ್‌ಪೆಕ್ಟರ್ ಮೊಹರು, ಮಸುಕು. ತಡಿ, ಬಲಗಡೆಯದು ನಾವು ನೋಡೇ ಇಲ್ಲ. ತಿರುಗಿಸು.

— ಇದೆ. ಅರ್ಧ ಮಾತ್ರ.

— ಹಾಗಂತಲೇ ಬರಿ. ಸಿಲಿಂಡರ್ ಚಿತ್ರ ಕಾಲು ಭಾಗ. ಮೂಲ ನೀಲಿ ಸನ್ನೆಯ ಮರೆಯಲ್ಲಿ ಮಾತ್ರ, ಉಳಿದೆಡೆ ಬೂದುಗಂದು, ಉಜ್ಜಿಲ್ಲ. ಹಿಡಿಯಡಿ ಹಳೇ ಗೀರು, ಎರಡಕ್ಷರ. ಬೆಣೆ ಹೊಸದು. ಸಿಲಿಂಡರ್ ನಂಬರ್ ಬೇರೆ.

— ಅದನ್ನ ಕೊನೆಗೆ ಬರೆದೆ.

— ಬೇಡ. ಅದನ್ನ ಮೇಲಕ್ಕೆ ತಗೊ. ಮಾದರಿಯ ಹೆಸರು ಆದ ತಕ್ಷಣ, ಎರಡನೇ ಸಾಲಿನಲ್ಲಿ ಹಾಕು.